ಇಂಗ್ಲೆಂಡಿನ ಹಳ್ಳಿ ಚರ್ಚಿನ ಗಂಟೆಗಳು: ಬಾರಿಸಲು ಕಲಿಯುವುದು ಹೇಗೆ, ಇತಿಹಾಸ ಹುಡುಕುವುದು ಹೇಗೆ

ಇಂಗ್ಲೆಂಡಿನ ಯಾವುದಾದರೂ ಹಳ್ಳಿಯಲ್ಲಿ ಭಾನುವಾರ ಬೆಳಿಗ್ಗೆ ಚರ್ಚಿನ ಹತ್ತಿರ ನಿಂತು ಕೇಳಿ. ಗೋಪುರದಿಂದ ಗಂಟೆಗಳ ಸದ್ದು ಒಂದರ ಹಿಂದೆ ಒಂದು ಇಳಿದು ಬರುತ್ತದೆ. ಸಣ್ಣ ಗಂಟೆ ಮೊದಲು, ದೊಡ್ಡದು ಕೊನೆಗೆ. ಸ್ವಲ್ಪ ಹೊತ್ತಾದ ಮೇಲೆ ಆ ಕ್ರಮ ಕಲಸಿಹೋದಂತೆ ಕೇಳುತ್ತದೆ. ಹಾಡಿನ ಧಾಟಿಯಂತೂ ಎಲ್ಲೂ ಸಿಗುವುದಿಲ್ಲ. ಮೊದಲ ಸಲ ಕೇಳಿದವರಿಗೆ ಯಾರೋ ಸುಮ್ನೆ ಬಡಿಯುತ್ತಿದ್ದಾರೆ ಅನ್ನಿಸಿದರೆ ತಪ್ಪೇನಿಲ್ಲ.

ಆದರೆ ಅಲ್ಲಿ ನಡೆಯುತ್ತಿರುವುದು ಲೆಕ್ಕ. ಆರು ಜನ ಆರು ಹಗ್ಗ ಹಿಡಿದು ನಿಂತಿದ್ದಾರೆ. ಪ್ರತಿ ಸಾಲಿನಲ್ಲೂ ಆರು ಗಂಟೆಗಳು ಒಂದೊಂದು ಸಲ ಮೊಳಗುತ್ತವೆ. ಪ್ರತಿ ಸಾಲಿಗೂ ಕ್ರಮ ಬದಲಾಗುತ್ತದೆ. ಈ ವಿದ್ಯೆಗೆ ಚೇಂಜ್ ರಿಂಗಿಂಗ್ ಅನ್ನುತ್ತಾರೆ. ಇಂಗ್ಲೆಂಡಿನಲ್ಲಿ ಹೀಗೆ ಬಾರಿಸುವ ಗೋಪುರಗಳು 5,000ಕ್ಕೂ ಹೆಚ್ಚು. ಬಾರಿಸುವವರು ಸಾಕಾಗುವುದಿಲ್ಲ ಅನ್ನುವುದು ಅವುಗಳ ಸಾಮಾನ್ಯ ದೂರು. ಹಾಗಾಗಿ ಕಲಿಯಲು ಬಂದವರನ್ನು ಖುಷಿಯಿಂದಲೇ ಒಳಗೆ ಕರೆಯುತ್ತಾರೆ. ನೀವು ಕ್ರೈಸ್ತರಾಗಿರಬೇಕು ಅಂತಲೂ ಇಲ್ಲ, ಸಂಗೀತ ಬರಬೇಕು ಅಂತಲೂ ಇಲ್ಲ.

ಮೊದಲು ಚಕ್ರ ಅರ್ಥವಾಗಲಿ

ಹಗ್ಗ ಹಿಡಿಯುವ ಆತುರ ಬೇಡ. ಮೇಲೆ ಏನಿದೆ ಅಂತ ಮೊದಲು ತಿಳಿಯಿರಿ. ಇಡೀ ವಿದ್ಯೆ ಹುಟ್ಟಿದ್ದೇ ಅಲ್ಲಿಂದ.

ಮಧ್ಯಯುಗದಲ್ಲಿ ಗಂಟೆಯನ್ನು ಒಂದು ದಿಮ್ಮಿಗೆ ಕಟ್ಟಿ, ಆ ದಿಮ್ಮಿಗೊಂದು ಸನ್ನೆಕೋಲು ಸಿಕ್ಕಿಸಿ, ಅದರ ತುದಿಯ ಹಗ್ಗವನ್ನು ಜಗ್ಗುತ್ತಿದ್ದರು. ಗಂಟೆ ಸ್ವಲ್ಪ ತೂಗುತ್ತಿತ್ತು, ಅಷ್ಟೆ. ಆಮೇಲೆ ಸನ್ನೆಕೋಲಿನ ಜಾಗಕ್ಕೆ ಅರ್ಧ ಚಕ್ರ ಬಂತು, ನಂತರ ಮುಕ್ಕಾಲು ಚಕ್ರ. 17ನೇ ಶತಮಾನದ ಹೊತ್ತಿಗೆ ಪೂರ್ತಿ ಚಕ್ರವೇ ಬಂತು. ಚಕ್ರ ದೊಡ್ಡದಾದಷ್ಟೂ ಗಂಟೆ ಎತ್ತರಕ್ಕೆ ತೂಗಿತು. ಕೊನೆಗೆ ಬಾಯಿ ಆಕಾಶಕ್ಕೆ ಮಾಡಿ ತಲೆಕೆಳಗಾಗಿ ನಿಲ್ಲುವಷ್ಟು ಎತ್ತರಕ್ಕೆ ಹೋಯಿತು.

ಈಗಿನ ವ್ಯವಸ್ಥೆಯೂ ಇದೇ. ಬಾರಿಸುವ ಮೊದಲು ಗಂಟೆ ಬಾಯಿ ಮೇಲೆ ಮಾಡಿ ನಿಂತಿರುತ್ತದೆ. ಒಂದು ಸಲ ಎಳೆದರೆ ಹೆಚ್ಚುಕಮ್ಮಿ ಪೂರ್ತಿ ಸುತ್ತು ತಿರುಗಿ, ಆ ಕಡೆ ಮತ್ತೆ ಬಾಯಿ ಮೇಲಾಗುತ್ತದೆ. ಮೇಲೇರುವಾಗ ನಾಲಗೆ ಒಂದೇ ಒಂದು ಸಲ ಬಡಿಯುತ್ತದೆ. ಮುಂದಿನ ಎಳೆತಕ್ಕೆ ಬಂದ ದಾರಿಯಲ್ಲೇ ವಾಪಸ್ ತಿರುಗಿ ಇನ್ನೊಂದು ಸಲ.

ಹಳ್ಳಿಯ ಆರು ಗಂಟೆಗಳ ಗೋಪುರದಲ್ಲಿ ಚಿಕ್ಕ ಗಂಟೆ ಸುಮಾರು 200 ಕಿಲೋ, ದೊಡ್ಡದು 500–600 ಕಿಲೋ ಇರುವುದು ಸಾಮಾನ್ಯ. ಅಷ್ಟು ಭಾರದ ಕಂಚು ಒಂದು ಸುತ್ತು ತಿರುಗಿ ಬರಲು ಎರಡು ಸೆಕೆಂಡಿನ ಆಸುಪಾಸು ಬೇಕು. ಅದನ್ನು ಅವಸರ ಮಾಡುವುದಕ್ಕೆ ಆಗುವುದಿಲ್ಲ. ಹಾಡು ಬಾರಿಸಬೇಕಾದರೆ ಒಂದೇ ಸ್ವರ ತಟಕ್ಕನೆ ಎರಡು ಸಲ ಬರಬೇಕಾಗುತ್ತದೆ ಅಲ್ವಾ? ಇಲ್ಲಿ ಅದು ಸಾಧ್ಯವೇ ಇಲ್ಲ. ಆದರೆ ಗಂಟೆ ತಲೆಕೆಳಗಾಗಿ ನಿಂತ ಗಳಿಗೆಯಲ್ಲಿ ಅದನ್ನು ಒಂದು ಕ್ಷಣ ಹೆಚ್ಚು ತಡೆದು ಹಿಡಿಯಬಹುದು. ಇಲ್ಲವೆ ಪೂರ್ತಿ ಏರುವ ಮೊದಲೇ ತಿರುಗಿಸಿ ಒಂದು ಕ್ಷಣ ಮುಂಚೆ ತರಬಹುದು. ಅಷ್ಟರಲ್ಲಿ ಪಕ್ಕದ ಗಂಟೆಯ ಜೊತೆ ಜಾಗ ಬದಲಿಸಬಹುದು. ಒಂದು ಸಾಲಿಗೆ ಒಂದೇ ಜಾಗ, ಅದಕ್ಕಿಂತ ಜಾಸ್ತಿ ಇಲ್ಲ. ಚೇಂಜ್ ರಿಂಗಿಂಗಿನ ಎಲ್ಲಾ ನಿಯಮಗಳು ಈ ಒಂದು ಅಡಚಣೆಯಿಂದ ಬಂದವು. ಹಾಡು ಆಗದ ಕಡೆ ಜನ ಲೆಕ್ಕ ಶುರು ಮಾಡಿದರು.

ಇನ್ನೆರಡು ಭಾಗ ಗೊತ್ತಿರಲಿ. ಗಂಟೆ ಕಟ್ಟಿರುವ ದಿಮ್ಮಿಯ ಮೇಲೆ ಒಂದು ಮರದ ಗೂಟ ಇರುತ್ತದೆ. ಅದು ಸ್ಟೇ. ಕೆಳಗೆ ಚೌಕಟ್ಟಿನಲ್ಲಿ ಸ್ವಲ್ಪವೇ ಸರಿದಾಡುವ ಪಟ್ಟಿ ಸ್ಲೈಡರ್. ಗಂಟೆ ಮೇಲೆ ನಿಂತಾಗ ಸ್ಟೇ ಹೋಗಿ ಸ್ಲೈಡರಿಗೆ ಒರಗುತ್ತದೆ, ಹಾಗಾಗಿ ಗಂಟೆ ಇನ್ನೂ ಆಚೆ ಉರುಳಿಹೋಗುವುದಿಲ್ಲ. ಸ್ಟೇಗೆ ಸಾಮಾನ್ಯವಾಗಿ ಆಶ್ ಮರ ಬಳಸುತ್ತಾರೆ. ಜೋರಾಗಿ ಗುದ್ದಿದರೆ ಅದು ಮುರಿಯುತ್ತದೆ, ಮುರಿಯಲಿ ಅಂತಲೇ ಇಟ್ಟಿರುವುದು. ಗಂಟೆಯೂ ಚೌಕಟ್ಟೂ ಹಾಳಾಗುವ ಬದಲು ಒಂದು ಮರದ ತುಂಡು ಹೋಗುತ್ತದೆ.

ಕೆಳಗೆ ಬರುವ ಹಗ್ಗದಲ್ಲಿ ಉಣ್ಣೆ ಹೆಣೆದ ದಪ್ಪನೆಯ ಬಣ್ಣಬಣ್ಣದ ಭಾಗ ಸ್ಯಾಲಿ. ಹಗ್ಗದ ಕೊನೆ ಟೇಲ್ ಎಂಡ್. ನಿಮ್ಮ ಕೈಗೆ ಸಿಗುವುದು ಇವೆರಡೇ.

ಗೋಪುರ ಹುಡುಕಿ, ಪರಿಚಯ ಮಾಡಿಕೊಳ್ಳಿ

ಡವ್ಸ್ ಗೈಡ್ ಅನ್ನುವ ಪಟ್ಟಿ ಅಂತರ್ಜಾಲದಲ್ಲಿದೆ. 1950ರಲ್ಲಿ ಪುಸ್ತಕವಾಗಿ ಶುರುವಾದದ್ದು. ಊರಿನ ಹೆಸರು ಹಾಕಿದರೆ ಯಾವ ಚರ್ಚಿನಲ್ಲಿ ಎಷ್ಟು ಗಂಟೆ, ಎಷ್ಟು ತೂಕ, ಯಾರು ಯಾವಾಗ ಎರಕ ಹೊಯ್ದರು, ವಾರದ ಅಭ್ಯಾಸ ಯಾವ ಸಂಜೆ ಎಂಬುದೆಲ್ಲ ಸಿಗುತ್ತದೆ.

ತೂಕ 11-2-6 ಅಂತ ಬರೆದಿದ್ದರೆ ಗಾಬರಿ ಬೇಡ. ಅದು ಹಂಡ್ರೆಡ್‌ವೇಟ್, ಕ್ವಾರ್ಟರ್, ಪೌಂಡ್. ಒಂದು ಹಂಡ್ರೆಡ್‌ವೇಟ್ ಅಂದರೆ 112 ಪೌಂಡ್, ಕ್ವಾರ್ಟರ್ 28 ಪೌಂಡ್. ಆ ಗಂಟೆ ಸುಮಾರು 587 ಕಿಲೋ ಆಯಿತು. ಇಂಗ್ಲೆಂಡಿನಲ್ಲಿ ಬೇರೆಲ್ಲ ಕಡೆ ಹೋದ ಈ ಅಳತೆ ಗಂಟೆಯವರ ಬಾಯಲ್ಲಿ ಇನ್ನೂ ಉಳಿದಿದೆ.

ಅಭ್ಯಾಸ ವಾರಕ್ಕೊಂದು ಸಂಜೆ, ಒಂದೂವರೆ ಗಂಟೆ ಇರುತ್ತದೆ. ಮೊದಲೇ ಗೋಪುರದ ತಂಡದ ಮುಖಂಡರಾದ ಟವರ್ ಕ್ಯಾಪ್ಟನ್‌ಗೆ ಒಂದು ಮಾತು ಹೇಳಿ ಹೋಗಿ. ಗೋಪುರದ ಮೆಟ್ಟಿಲು ಬಹಳ ಕಡೆ ಕಲ್ಲಿನ ಸುರುಳಿ ಮೆಟ್ಟಿಲು, ಸವೆದು ಹಳ್ಳ ಬಿದ್ದಿರುತ್ತವೆ. ಚಪ್ಪಲಿ ಬೇಡ, ಗಟ್ಟಿ ಶೂ ಹಾಕಿಕೊಳ್ಳಿ. ಮಕ್ಕಳಿಗೆ ಸಾಮಾನ್ಯವಾಗಿ ಹತ್ತು ವರ್ಷ ದಾಟಿದ ಮೇಲೆ ಕಲಿಸುತ್ತಾರೆ. 18ಕ್ಕಿಂತ ಚಿಕ್ಕವರಾದರೆ ತಂದೆತಾಯಿಯ ಒಪ್ಪಿಗೆ ಬೇಕು.

ಮೊದಲ ಸಂಜೆ ನೋಡುವುದಕ್ಕೇ ಸರಿ. ಕುಳಿತ ಜಾಗದಲ್ಲಿ ಕಾಲು ಚಾಚಬೇಡಿ, ಪಾದ ಎರಡೂ ನೆಲದ ಮೇಲಿರಲಿ. ಹಾರಾಡುವ ಹಗ್ಗದ ತುದಿ ಕಾಲಿಗೆ ಸಿಕ್ಕಿಕೊಂಡರೆ ಎಳೆದುಕೊಂಡು ಹೋಗುತ್ತದೆ. ಬಾರಿಸುತ್ತಿರುವವರನ್ನು ಮಾತಿಗೆಳೆಯಬೇಡಿ.

ಹಗ್ಗ ಮುಟ್ಟುವ ಮೊದಲು

ನೇತಾಡುತ್ತಿರುವ ಹಗ್ಗವನ್ನು ಕೇಳದೆ ಮುಟ್ಟಬಾರದು. ಇದೊಂದು ನಿಯಮ ಮೈಗಂಟಿರಲಿ. ನೋಡುವುದಕ್ಕೆ ಹಗ್ಗ ಸುಮ್ಮನೆ ಇಳಿಬಿದ್ದಿರುತ್ತದೆ. ಮೇಲೆ ಅರ್ಧ ಟನ್ ಕಂಚು ತಲೆಕೆಳಗಾಗಿ ನಿಂತಿರಬಹುದು. ಸ್ವಲ್ಪ ಎಳೆದರೂ ಅದು ಹೊರಡುತ್ತದೆ, ಹೊರಟ ಮೇಲೆ ನಿಮ್ಮ ಬಲಕ್ಕೆ ಜಗ್ಗುವುದಿಲ್ಲ. ಅದಕ್ಕೇ ಬಾರಿಸಿ ಮುಗಿದ ಮೇಲೆ ಬಹಳ ಗೋಪುರಗಳಲ್ಲಿ ಗಂಟೆಗಳನ್ನು ಬಾಯಿ ಕೆಳಗೆ ಮಾಡಿ ಇಳಿಸಿ, ಹಗ್ಗಗಳನ್ನು ಕೊಕ್ಕೆಗೆ ಹಾಕಿ ಮೇಲೆತ್ತಿಬಿಡುತ್ತಾರೆ.

ಉದ್ದ ಕೂದಲು ಕಟ್ಟಿ. ಶಾಲು, ಮಫ್ಲರ್, ಬಳೆ, ನೇತಾಡುವ ಸರ ತೆಗೆದಿಡಿ. ಗಂಟೆಗಳು ಮೇಲೆ ನಿಂತಿರುವಾಗ ಗಂಟೆಯ ಕೋಣೆಗೆ ಯಾರೂ ಹತ್ತಬಾರದು.

ಇನ್ನೊಂದು ಮಾತು. ಬಾರಿಸುವಾಗ ಮೇಲೆ ಫಟ್ ಅಂತ ಸ್ಟೇ ಮುರಿದ ಸದ್ದು ಬಂದರೆ ಹಗ್ಗ ಬಿಟ್ಟುಬಿಡಿ. ಹಿಡಿದು ನಿಲ್ಲಿಸುತ್ತೇನೆ ಅಂತ ಹೋದರೆ ನೀವೂ ಚಾವಣಿಗೆ ಹೋಗುತ್ತೀರಿ. ಹಗ್ಗ ಬಿಡಿ, ಗೋಡೆ ಕಡೆ ಸರಿಯಿರಿ. ಗಂಟೆ ತಾನೇ ತೂಗಿ ತೂಗಿ ನಿಲ್ಲುತ್ತದೆ.

ಎರಡು ಎಳೆತ

ಕಲಿಯುವುದು ಎರಡು ಎಳೆತ. ಸ್ಯಾಲಿ ಹಿಡಿದು ಎಳೆಯುವುದು ಹ್ಯಾಂಡ್‌ಸ್ಟ್ರೋಕ್. ಟೇಲ್ ಎಂಡ್ ಹಿಡಿದು ಎಳೆಯುವುದು ಬ್ಯಾಕ್‌ಸ್ಟ್ರೋಕ್. ಎರಡನ್ನೂ ಒಟ್ಟಿಗೆ ಕಲಿಸುವುದಿಲ್ಲ. ಹೆಚ್ಚಿನ ಕಡೆ ಮೊದಲು ಬ್ಯಾಕ್‌ಸ್ಟ್ರೋಕ್ ನಿಮಗೆ, ಸ್ಯಾಲಿ ಕಲಿಸುವವರಿಗೆ.

ಬ್ಯಾಕ್‌ಸ್ಟ್ರೋಕಿಗೆ ಎರಡೂ ಕೈಯಲ್ಲಿ ತುದಿ ಹಿಡಿದು ನೆಟ್ಟಗೆ ನಿಲ್ಲಿ. ಹಗ್ಗ ಮೇಲೆ ಹೋದಂತೆ ಕೈಗಳೂ ತಲೆಯ ಮೇಲೆ ಪೂರ್ತಿ ಚಾಚಿಕೊಳ್ಳಲಿ. ಮೇಲೆ ಗಂಟೆ ತಿರುಗುವ ಗಳಿಗೆ ಕೈಗೆ ಗೊತ್ತಾಗುತ್ತದೆ, ಹಗ್ಗದ ಸೆಳೆತ ಸಡಿಲವಾಗುತ್ತದೆ. ಆಗ ನೇರವಾಗಿ ಕೆಳಕ್ಕೆ, ಸೊಂಟ ದಾಟುವವರೆಗೆ, ಒಂದೇ ಉದ್ದ ಎಳೆತ. ಅರ್ಧಕ್ಕೆ ಬಿಡಬಾರದು, ಪಕ್ಕಕ್ಕೂ ವಾಲಬಾರದು. ಪಕ್ಕಕ್ಕೆ ಎಳೆದರೆ ಹಗ್ಗ ಹಾವಿನ ಹಾಗೆ ಬಳುಕುತ್ತದೆ.

ಹ್ಯಾಂಡ್‌ಸ್ಟ್ರೋಕಿನಲ್ಲಿ ಟೇಲ್ ಎಂಡ್ ಒಂದು ಕೈಯಲ್ಲಿ, ಸಾಮಾನ್ಯವಾಗಿ ಎಡಗೈಯಲ್ಲಿ, ಮಡಚಿ ಹಿಡಿದಿರುತ್ತೀರಿ. ಅದೇ ಕೈಯೂ ಇನ್ನೊಂದು ಕೈಯೂ ಸೇರಿ ಸ್ಯಾಲಿ ಹಿಡಿಯುತ್ತವೆ. ಮುಖದ ಮಟ್ಟದಿಂದ ಸೊಂಟದ ಮಟ್ಟಕ್ಕೆ ಎಳೆದು ಸ್ಯಾಲಿಯನ್ನು ಬಿಡಬೇಕು. ಬಿಡುವುದೇ ಇಲ್ಲಿ ಕಷ್ಟ. ಹೊಸಬರಿಗೆ ಬಿಡಲು ಮನಸ್ಸು ಬರುವುದಿಲ್ಲ, ಸ್ಯಾಲಿ ಚಾವಣಿ ಕಡೆಗೆ ಓಡುತ್ತದೆ, ಕೈಯನ್ನೂ ಎಳೆದುಕೊಳ್ಳುತ್ತದೆ. ಆದರೆ ಟೇಲ್ ಎಂಡ್ ಮಾತ್ರ, ಮೇಲೆ ಹೇಳಿದಂತೆ ಸ್ಟೇ ಮುರಿದಾಗ ಬಿಟ್ಟರೆ, ಎಂದಿಗೂ ಬಿಡಬಾರದು. ಬಿಡಬೇಕಾದದ್ದು ಬಿಡಬೇಕು, ಬಿಡಬಾರದ್ದು ಬಿಡಬಾರದು. ಕೈಗೆ ಇದು ತಿಳಿಯುವವರೆಗೆ ಬೇರೇನೂ ಮುಂದೆ ಹೋಗುವುದಿಲ್ಲ.

ಬ್ಯಾಕ್‌ಸ್ಟ್ರೋಕ್ ಎಳೆದ ಮೇಲೆ ಸ್ಯಾಲಿ ಮೇಲಿಂದ ಇಳಿದು ಬರುತ್ತದೆ. ಅದು ಇಳಿದು, ಮತ್ತೆ ಮೇಲೇಳಲು ಶುರುವಾಗುವಾಗ ಹಿಡಿಯಿರಿ. ಬೇಗ ಹಿಡಿದರೆ ಗಂಟೆ ಪೂರ್ತಿ ಏರುವುದಿಲ್ಲ. ತಡವಾದರೆ ಸ್ಯಾಲಿ ತಪ್ಪಿಹೋಗುತ್ತದೆ. ತಪ್ಪಿದರೆ ಹಾರಿ ಹಿಡಿಯಲು ಹೋಗಬೇಡಿ, ಕಲಿಸುವವರು ನೋಡಿಕೊಳ್ಳುತ್ತಾರೆ. ಮೇಲೆ ನೋಡುವ ಚಟವೂ ಬೇಡ. ತಲೆ ಎತ್ತಿದರೆ ಬೆನ್ನು ಬಾಗುತ್ತದೆ, ಎಳೆತ ಓರೆಯಾಗುತ್ತದೆ.

ಬಲ ಎಷ್ಟು ಬೇಕು? ತುಂಬಾ ಕಡಿಮೆ. ಉಯ್ಯಾಲೆ ತೂಗುವವರಿಗೆ ಗೊತ್ತು, ಸರಿಯಾದ ಗಳಿಗೆಯಲ್ಲಿ ಮುಟ್ಟಿದರೆ ಸಾಕು. ಗಟ್ಟಿಮುಟ್ಟಾದ ಗಂಡಸರೇ ಇಲ್ಲಿ ಜಾಸ್ತಿ ಒದ್ದಾಡುವುದು, ಗಂಟೆಯ ಜೊತೆ ಜಗಳಕ್ಕೆ ನಿಲ್ಲುತ್ತಾರೆ. ಎಪ್ಪತ್ತು ದಾಟಿದ ಸಣಕಲು ದೇಹದ ಅಜ್ಜಿಯರು ಎರಡೇ ಬೆರಳಲ್ಲಿ ಅನ್ನುವಂತೆ ಬಾರಿಸುತ್ತಿರುತ್ತಾರೆ.

ಒಬ್ಬರೇ ಗಂಟೆ ನಿಭಾಯಿಸಲು ಸಾಮಾನ್ಯವಾಗಿ ಹತ್ತು ಹದಿನೈದು ತಾಸುಗಳ ಪಾಠ ಹಿಡಿಯುತ್ತದೆ. ವಾರಕ್ಕೆ ಹತ್ತು ನಿಮಿಷದಂತೆ ಎಳೆದಾಡುವುದಕ್ಕಿಂತ ಒಂದೇ ವಾರದಲ್ಲಿ ಹತ್ತಿರ ಹತ್ತಿರ ಪಾಠ ಆದರೆ ಬೇಗ ಬರುತ್ತದೆ. ಊರಿನವರಿಗೆ ತೊಂದರೆ ಆಗದ ಹಾಗೆ ಗಂಟೆಯ ನಾಲಗೆಯನ್ನು ಕಟ್ಟಿಹಾಕಿ, ಸೆನ್ಸರ್ ಇಟ್ಟು, ಸದ್ದನ್ನು ಕಂಪ್ಯೂಟರಿನಲ್ಲಿ ಕೇಳಿಸುವ ವ್ಯವಸ್ಥೆ ಈಗ ಎಷ್ಟೋ ಕಡೆ ಇದೆ. ಇದ್ದರೆ ಕೇಳಿ ಬಳಸಿ.

ಆಮೇಲೆ ಏರಿಸುವುದು, ಇಳಿಸುವುದು. ಬಾಯಿ ಕೆಳಗಿರುವ ಗಂಟೆಯನ್ನು ಮೇಲೆ ತರಲು ಹಗ್ಗವನ್ನು ಸುರುಳಿ ಮಾಡಿ ಗಿಡ್ಡ ಹಿಡಿದು, ಪುಟ್ಟ ಪುಟ್ಟ ಎಳೆತದಿಂದ ತೂಗಿಸುತ್ತಾ, ತೂಗಾಟ ಹೆಚ್ಚಿದಂತೆ ಹಗ್ಗ ಬಿಡುತ್ತಾ ಹೋಗಬೇಕು. ಇಳಿಸುವುದು ಇದರ ತಿರುವು. ಹೇಳಲು ಇಷ್ಟೇ. ಸುರುಳಿ ಹಿಡಿಯುವ ಕೈಚಳಕ ಕಾಗದದ ಮೇಲೆ ಬರುವುದಿಲ್ಲ, ನಿಂತು ನೋಡಿ ಕಲಿಯಬೇಕು.

ಎಲ್ಲರ ಜೊತೆ ಸಾಲಿನಲ್ಲಿ

ಈಗ ನೀವು ವೃತ್ತದಲ್ಲಿ ನಿಲ್ಲುತ್ತೀರಿ. ಅತಿ ಸಣ್ಣ ಗಂಟೆ ಟ್ರೆಬಲ್, ಅದೇ 1. ಅತಿ ದೊಡ್ಡದು ಟೆನರ್. ಆರು ಗಂಟೆಗಳಿದ್ದರೆ 1 2 3 4 5 6 ಅಂತ ಇಳಿದು ಬರುವ ಸಾಲಿಗೆ ರೌಂಡ್ಸ್ ಅನ್ನುತ್ತಾರೆ.

ಟ್ರೆಬಲ್ ಹಿಡಿದವರು "ಲುಕ್ ಟು" ಅನ್ನುತ್ತಾರೆ. ಎಲ್ಲರೂ ಸ್ಯಾಲಿ ಹಿಡಿಯುತ್ತಾರೆ. "ಟ್ರೆಬಲ್ಸ್ ಗೋಯಿಂಗ್" ಅಂದಾಗ ಅವರ ಗಂಟೆ ಹೊರಡುತ್ತಿದೆ ಅಂತ ಅರ್ಥ, "ಷೀ ಈಸ್ ಗಾನ್" ಅಂದಾಗ ಹೊರಟಿತು. ಗಂಟೆಗಳು ಇವರಿಗೆ ಯಾವಾಗಲೂ ಹೆಂಗಸರೇ. ನಿಲ್ಲಿಸಲು "ಸ್ಟ್ಯಾಂಡ್" ಅಂತ ಕೂಗುತ್ತಾರೆ, ಮುಂದಿನ ಹ್ಯಾಂಡ್‌ಸ್ಟ್ರೋಕಿನಲ್ಲಿ ಎಲ್ಲರೂ ಗಂಟೆಯನ್ನು ಮೆಲ್ಲಗೆ ಸ್ಟೇಗೆ ಒರಗಿಸುತ್ತಾರೆ.

ಹೊಸಬರು ಮಾಡುವುದು ಏನೆಂದರೆ, ತಮಗಿಂತ ಮೊದಲು ಬರುವ ಗಂಟೆಯ ಸದ್ದು ಕೇಳಿ ಆಮೇಲೆ ಎಳೆಯುವುದು. ಆಗ ತಡವಾಯಿತು ಅಂತಲೇ ಲೆಕ್ಕ. ನೀವು ಎಳೆದ ಮೇಲೆ ಗಂಟೆ ಸುತ್ತಿ ಬಂದು ಮೊಳಗಲು ಹೊತ್ತು ಬೇಕಲ್ಲ. ಹಾಗಾಗಿ ನೋಡಬೇಕಾದದ್ದು ನಿಮಗಿಂತ ಮೊದಲು ಬಾರಿಸುವವರ ಕೈ. ಅವರ ಕೈ ಇಳಿಯಲು ಶುರುವಾದ ಒಂದು ಚಿಟಿಕೆ ಹೊತ್ತಿಗೆ ನಿಮ್ಮದು ಶುರುವಾಗಬೇಕು. ಸದ್ದು ಕೇಳುವುದು ಆದದ್ದು ಸರಿಯಾಯಿತಾ ಅಂತ ಪರೀಕ್ಷೆ ಮಾಡಲು. ದೊಡ್ಡ ಗಂಟೆ ತಿರುಗಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ಆದ್ದರಿಂದ ಟೆನರ್ ಹಿಡಿದವರು ಇನ್ನೂ ಮೊದಲೇ ಎಳೆಯುತ್ತಾರೆ.

ಇಡೀ ವೃತ್ತದಲ್ಲಿ ಯಾರ ಹಿಂದೆ ಯಾರು ಬರುತ್ತಿದ್ದಾರೆ ಅಂತ ಒಂದೇ ನೋಟಕ್ಕೆ ಕಾಣುವ ಶಕ್ತಿಗೆ ರೋಪ್‌ಸೈಟ್ ಅನ್ನುತ್ತಾರೆ. ತಿಂಗಳುಗಟ್ಟಲೆ ಬರುವುದಿಲ್ಲ, ಒಂದು ದಿನ ಬಂದುಬಿಡುತ್ತದೆ.

ಕಿವಿಗೂ ಒಂದು ಗುಟ್ಟು ಬೇಕು. ಒಂದು ಹ್ಯಾಂಡ್‌ಸ್ಟ್ರೋಕ್ ಸಾಲು, ಒಂದು ಬ್ಯಾಕ್‌ಸ್ಟ್ರೋಕ್ ಸಾಲು ಆದ ಮೇಲೆ ಒಂದು ಬಡಿತದಷ್ಟು ಖಾಲಿ ಜಾಗ ಬಿಡುವುದು ಹೆಚ್ಚಿನ ಗೋಪುರಗಳ ಪದ್ಧತಿ. ಆರು ಗಂಟೆ ಇದ್ದರೆ ಹನ್ನೆರಡು ಬಡಿತ, ಒಂದು ಮೌನ, ಮತ್ತೆ ಹನ್ನೆರಡು. ಆ ಮೌನ ಸಮವಾಗಿದ್ದರೆ ತಂಡ ಒಳ್ಳೆಯದು ಅಂತ ಬೀದಿಯಲ್ಲೇ ನಿಂತು ಹೇಳಬಹುದು.

ಕ್ರಮ ಬದಲಿಸುವುದು

ಮೊದಲ ಮೆಟ್ಟಿಲು ಕಾಲ್ ಚೇಂಜಸ್. ಬಾರಿಸುತ್ತಲೇ ತಂಡಕ್ಕೆ ಸೂಚನೆ ಕೊಡುವ ಕಂಡಕ್ಟರ್ ಕೂಗಿ ಹೇಳುತ್ತಾರೆ, ಪಕ್ಕಪಕ್ಕದ ಎರಡು ಗಂಟೆ ಜಾಗ ಬದಲಿಸುತ್ತವೆ, ಮತ್ತೆ ಹೇಳುವವರೆಗೆ ಅದೇ ಕ್ರಮ. "ಟು ಟು ತ್ರೀ" ಅಂದರೆ ಕೆಲವು ಗೋಪುರಗಳಲ್ಲಿ ಎರಡನೆಯದು ಮೂರನೆಯದರ ಹಿಂದೆ ಹೋಗಬೇಕು. ಬೇರೆ ಗೋಪುರಗಳಲ್ಲಿ ಕೂಗುವ ರೀತಿಯೇ ಬೇರೆ. ಹೊಸ ಜಾಗಕ್ಕೆ ಹೋದರೆ ಮೊದಲು ಕೇಳಿಕೊಳ್ಳಿ. ಹೀಗೆ ಬದಲಿಸುತ್ತಾ 1 3 5 2 4 6 ತಲುಪಿದರೆ ಅದಕ್ಕೆ ಕ್ವೀನ್ಸ್ ಅಂತ ಹೆಸರು, ಕೇಳಲು ಬಲು ಚಂದ. ಡೆವನ್ ಸೀಮೆಯ ಹಳ್ಳಿಗಳಲ್ಲಿ ಕಾಲ್ ಚೇಂಜಸ್ ಅನ್ನೇ ತುದಿಮುಟ್ಟಿಸಿದ್ದಾರೆ. ಅವರ ಬಡಿತದ ಸಮ ನೋಡಿದರೆ ಇದು ಕಲಿಯುವವರ ಮೆಟ್ಟಿಲು ಮಾತ್ರ ಅನ್ನಲು ನಾಲಗೆ ಬರುವುದಿಲ್ಲ.

ಎರಡನೆಯದು ಪ್ಲೇನ್ ಹಂಟ್. ಇಲ್ಲಿ ಯಾರೂ ಕೂಗುವುದಿಲ್ಲ, ಪ್ರತಿ ಸಾಲೂ ತಾನಾಗಿ ಬದಲಾಗುತ್ತದೆ. ಐದು ಗಂಟೆಗಳಿಗೆ ಬರೆದು ನೋಡಿ:

1 2 3 4 5
2 1 4 3 5
2 4 1 5 3
4 2 5 1 3
4 5 2 3 1
5 4 3 2 1
5 3 4 1 2
3 5 1 4 2
3 1 5 2 4
1 3 2 5 4
1 2 3 4 5

1ರ ಮೇಲೆ ಪೆನ್ಸಿಲ್ ಇಟ್ಟು ಕೆಳಗಿನವರೆಗೆ ಗೆರೆ ಎಳೆಯಿರಿ. ಮುಂದಿನಿಂದ ಹಿಂದಕ್ಕೆ ಹೋಗಿ, ಕೊನೆಯ ಜಾಗದಲ್ಲಿ ಎರಡು ಬಡಿತ ನಿಂತು, ಮತ್ತೆ ಮುಂದಕ್ಕೆ ಬರುತ್ತದೆ. ಬೇರೆ ಗಂಟೆಗಳಿಗೂ ಅದೇ ಗೆರೆ, ಶುರುವಾಗುವ ಜಾಗ ಮಾತ್ರ ಬೇರೆ. ಬಾರಿಸುವವರು ನೆನಪಿಡುವುದು ಈ ಗೆರೆಯನ್ನು, ಅಂಕಿಗಳನ್ನಲ್ಲ. ಹಿಂದಕ್ಕೆ ಹೋಗುವಾಗ ನಿಧಾನ, ಮುಂದಕ್ಕೆ ಬರುವಾಗ ಬೇಗ, ತುದಿಗಳಲ್ಲಿ ಮಾಮೂಲು ವೇಗ. ಕೈಗೆ ಬೇಕಾದದ್ದು ಇಷ್ಟೇ.

ಪ್ಲೇನ್ ಹಂಟ್ ಹತ್ತೇ ಬದಲಾವಣೆಗೆ ಮೊದಲಿನ ಸಾಲಿಗೆ ಬಂದುಬಿಡುತ್ತದೆ. ಐದು ಗಂಟೆಗಳಿಗೆ ಒಟ್ಟು 120 ಕ್ರಮಗಳು ಸಾಧ್ಯ. ಉಳಿದವನ್ನು ಹೇಗೆ ತರುವುದು? ಅದಕ್ಕೇ ಮೆಥಡ್‌ಗಳು, ಅಂದರೆ ಕ್ರಮ ಬದಲಿಸುವ ಸಿದ್ಧ ಮಾದರಿಗಳು. ಐದು ಗಂಟೆಗಳ ಪ್ಲೇನ್ ಬಾಬ್ ಡಬಲ್ಸ್ ಅನ್ನುವ ಮೆಥಡ್‌ನಲ್ಲಿ ಟ್ರೆಬಲ್ ಮುಂದೆ ಬಂದಾಗಲೆಲ್ಲ ಉಳಿದವರು ಒಂದು ಸಣ್ಣ ಅಡ್ಡ ಹೆಜ್ಜೆ ಹಾಕುತ್ತಾರೆ, ಹಾದಿ ಬದಲಾಗುತ್ತದೆ, 40 ಬದಲಾವಣೆಗಳವರೆಗೆ ಹೋಗುತ್ತದೆ. ನಡುವೆ ಕಂಡಕ್ಟರ್ ಸರಿಯಾದ ಕಡೆ, ಹಾದಿ ಮತ್ತೆ ಬದಲಿಸುವ ಸೂಚನೆಯಾಗಿ, "ಬಾಬ್" ಅಂತ ಕೂಗಿದರೆ 120 ಪೂರ್ತಿ ಬರುತ್ತವೆ.

ಆರು ಗಂಟೆಗಳಿಗೆ 720. ಏಳಕ್ಕೆ 5,040, ಅಂದರೆ ಸುಮಾರು ಮೂರು ತಾಸು. ಈ ಉದ್ದದ ಬಾರಿಸುವಿಕೆಗೆ ಪೀಲ್ ಅನ್ನುತ್ತಾರೆ. ನಡುವೆ ನಿಲ್ಲಿಸುವಂತಿಲ್ಲ, ಆಳು ಬದಲಿಸುವಂತಿಲ್ಲ, ಎದುರಿಗೆ ಚೀಟಿ ಇಟ್ಟುಕೊಳ್ಳುವ ರೂಢಿಯೂ ಇಲ್ಲ. ಕಾಲು ಭಾಗದ ಕ್ವಾರ್ಟರ್ ಪೀಲ್ ಮುಕ್ಕಾಲು ತಾಸಿನದು, ಹೊಸಬರ ಮೊದಲ ಗುರಿ ಅದೇ ಇರಲಿ. ಮೊದಲ ನಿಜವಾದ ಪೀಲ್ ಅಂತ ಎಲ್ಲರೂ ಒಪ್ಪುವುದು 1715ರ ಮೇ 2ರಂದು ನಾರಿಚ್‌ನ ಸೇಂಟ್ ಪೀಟರ್ ಮ್ಯಾನ್‌ಕ್ರಾಫ್ಟ್ ಚರ್ಚಿನಲ್ಲಿ ನಡೆದದ್ದನ್ನು. ಎಂಟು ಗಂಟೆಗಳ ಎಲ್ಲಾ 40,320 ಕ್ರಮಗಳನ್ನು ಒಂದೇ ತಂಡ 1963ರಲ್ಲಿ ಲಫ್‌ಬರೋ ಎರಕದ ಕಾರ್ಖಾನೆಯ ಗೋಪುರದಲ್ಲಿ ಬಾರಿಸಿತು. 17 ತಾಸು 58 ನಿಮಿಷ ಹಿಡಿಯಿತು. ಹನ್ನೆರಡು ಗಂಟೆಗಳಿಗೆ 47,90,01,600 ಕ್ರಮಗಳು. ಊಟ ನಿದ್ದೆ ಬಿಟ್ಟರೂ 30 ವರ್ಷಕ್ಕಿಂತ ಜಾಸ್ತಿ ಬೇಕು, ಆ ಕಡೆ ಹೋಗುವುದು ಬೇಡ.

ನಿಮ್ಮ ಗೋಪುರದ ಇತಿಹಾಸ ಹುಡುಕಿ

ಬಾರಿಸಲು ಸ್ವಲ್ಪ ಬಂದ ಮೇಲೆ ಇದನ್ನು ಕೈಗೆತ್ತಿಕೊಳ್ಳಿ. ಮೊದಲೇ ಮಾಡಿದರೆ ಹೆಸರು ಇಸವಿಗಳ ಪಟ್ಟಿ ಸಿಗುತ್ತದೆ. ಹಗ್ಗ ಹಿಡಿದ ಮೇಲೆ ಮಾಡಿದರೆ ಮೂರನೇ ಗಂಟೆ ಯಾಕೆ ಹಾಗೆ ತಡಮಾಡುತ್ತದೆ ಅನ್ನುವ ಪ್ರಶ್ನೆಯಿಂದ ಶುರುವಾಗುತ್ತದೆ.

ಬಾರಿಸುವ ಕೋಣೆಯ ಗೋಡೆಯಿಂದ ಆರಂಭಿಸಿ. ಬಣ್ಣ ಬಳಿದ ಹಲಗೆಗಳಿರುತ್ತವೆ. ಯಾವ ದಿನ, ಯಾವ ಮೆಥಡ್, ಎಷ್ಟು ಬದಲಾವಣೆ, ಎಷ್ಟು ಹೊತ್ತು, ಯಾರು ಯಾವ ಗಂಟೆ ಅಂತ ಬರೆದಿರುತ್ತಾರೆ. ಹಳೆಯ ಗೋಪುರಗಳಲ್ಲಿ ಪ್ರಾಸಬದ್ಧ ನಿಯಮಗಳೂ ಸಿಗುತ್ತವೆ. ಟೋಪಿ ಹಾಕಿಕೊಂಡು, ಕುದುರೆ ಸವಾರಿಯ ಮುಳ್ಳು ಕಟ್ಟಿಕೊಂಡು ಬಾರಿಸಿದರೆ ದಂಡ, ಗಂಟೆ ಉರುಳಿಸಿದರೆ ದಂಡ. ದಂಡದ ಹಣ ಬಹುಪಾಲು ಬಿಯರಿಗೆ ಹೋಗುತ್ತಿತ್ತು. ಬಾರಿಸುವವರಿಗೇ ಅಂತ ಮಾಡಿಸಿದ ದೊಡ್ಡ ಮಣ್ಣಿನ ಬಿಯರ್ ಹೂಜಿಗಳು ಕೆಲವು ಕಡೆ ಈಗಲೂ ಉಳಿದಿವೆ.

ನಂತರ ಗಂಟೆಯ ಕೋಣೆ. ಟವರ್ ಕ್ಯಾಪ್ಟನ್ ಜೊತೆಯಲ್ಲೇ, ಗಂಟೆಗಳು ಇಳಿದಿರುವಾಗಲೇ ಹೋಗಿ. ಟಾರ್ಚ್, ಕೈಗವಸು, ಮೆತ್ತನೆಯ ಬ್ರಷ್ ಇರಲಿ. ಕಾಗೆ ಜಾತಿಯ ಜಾಕ್‌ಡಾ ಹಕ್ಕಿಗಳು ತಂದು ಸುರಿದ ಕಡ್ಡಿಗಳನ್ನು ದಾಟಬೇಕಾದೀತು. ಗಂಟೆಯ ಹೆಗಲಿನ ಸುತ್ತ ಬರಹ ಇರುತ್ತದೆ. ಸುತ್ತಲೂ ಬಗ್ಗಿ ನೋಡುತ್ತಾ ಚಿತ್ರ ತೆಗೆಯಿರಿ. ಟಾರ್ಚ್ ಬೆಳಕು ಪಕ್ಕದಿಂದ ಬೀಳಲಿ, ಆಗ ಅಕ್ಷರ ಎದ್ದು ಕಾಣುತ್ತದೆ. ಕಂಚನ್ನು ಉಜ್ಜಿ ಹೊಳಪು ಮಾಡಲು ಹೋಗಬೇಡಿ.

ಬರಹವೇ ಕಾಲ ಹೇಳುತ್ತದೆ. ಸಂತರ ಹೆಸರು ಹಿಡಿದು, ಲ್ಯಾಟಿನ್‌ನಲ್ಲಿ, ನಮಗಾಗಿ ಪ್ರಾರ್ಥಿಸು ಅಂತ ಇದ್ದರೆ ಅದು ಬಹುತೇಕ 16ನೇ ಶತಮಾನದ ಧರ್ಮ ಸುಧಾರಣೆಗಿಂತ ಹಿಂದಿನದು. ಆಮೇಲೆ ಸಂತರು ಹೋದರು, ಚರ್ಚಿನ ಲೆಕ್ಕ, ಆಸ್ತಿ ನೋಡಿಕೊಳ್ಳುವ ಚರ್ಚ್ ವಾರ್ಡನ್‌ಗಳ ಹೆಸರು ಬಂತು. 18ನೇ ಶತಮಾನದಲ್ಲಿ ಗ್ಲಾಸ್ಟರ್‌ನ ರಡ್‌ಹಾಲ್ ಮನೆತನದವರು ಹಳ್ಳಿಹಳ್ಳಿಗೆ ಗಂಟೆ ಎರೆದುಕೊಟ್ಟರು. ಊರಿಗೆ ಶಾಂತಿ, ನೆರೆಹೊರೆಗೆ ಸ್ನೇಹ ಅನ್ನುವ ಅರ್ಥದ ಬರಹ ಅವರ ಗಂಟೆಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. 1887 ಅಥವಾ 1897 ಇದ್ದರೆ ವಿಕ್ಟೋರಿಯಾ ರಾಣಿಯ ಜ್ಯೂಬಿಲಿಗೆ ಊರವರು ಚಂದಾ ಎತ್ತಿದ್ದಾರೆ ಅನ್ನಬಹುದು. ಅಕ್ಷರ ತಿರುಗುಮುರುಗಾಗಿದ್ದರೆ ಆಶ್ಚರ್ಯ ಬೇಡ. ಅಚ್ಚಿನ ಮಣ್ಣಿನಲ್ಲಿ ಅಕ್ಷರಗಳನ್ನು ಉಲ್ಟಾ ಒತ್ತಬೇಕಿತ್ತು, ಕೆಲಸಗಾರನಿಗೆ ಓದು ಬಾರದಿದ್ದರೆ ಎಡವಟ್ಟಾಗುತ್ತಿತ್ತು.

ಒಂದು ಎಚ್ಚರಿಕೆ. ಗಂಟೆಯ ಮೇಲಿನ ಇಸವಿ ಆ ಗಂಟೆಯ ವಯಸ್ಸು, ಆ ಲೋಹದ್ದಲ್ಲ. ಬಿರುಕು ಬಿಟ್ಟ ಗಂಟೆಯನ್ನು ಕರಗಿಸಿ ಅದೇ ಕಂಚಿನಲ್ಲಿ ಹೊಸದು ಎರೆಯುವುದು ಮಾಮೂಲಿ. ಮಿಶ್ರಣ ಆಗಿನಿಂದ ಬಹುತೇಕ ಒಂದೇ, ನೂರಕ್ಕೆ ಸುಮಾರು 77 ಪಾಲು ತಾಮ್ರ, 23 ಪಾಲು ತವರ. ಮೂರು ಭಾರೀ ಗಂಟೆಗಳನ್ನು ಕರಗಿಸಿ ಹಗುರವಾದ ಐದು ಮಾಡಿಸಿಕೊಂಡ ಹಳ್ಳಿಗಳಿವೆ. ಯಾಕೆ ಅಂತ ಈಗ ನಿಮಗೆ ಗೊತ್ತು. ಮೂರರಲ್ಲಿ ಆರೇ ಕ್ರಮ, ಐದರಲ್ಲಿ 120.

ಮೂರನೆಯದು ಕಾಗದಪತ್ರ. ಆಯಾ ಕೌಂಟಿಯ, ಅಂದರೆ ಜಿಲ್ಲೆಯ, ದಾಖಲೆ ಕಚೇರಿಯಲ್ಲಿ ಚರ್ಚ್ ವಾರ್ಡನ್‌ಗಳ ಲೆಕ್ಕದ ಪುಸ್ತಕ ಕೇಳಿ. ಆರನೇ ಎಡ್ವರ್ಡ್ ಕಾಲದಲ್ಲಿ, 1552ರ ಸುಮಾರಿಗೆ, ಚರ್ಚುಗಳ ಸಾಮಾನಿನ ಪಟ್ಟಿ ಮಾಡಿಸಿದ್ದರು. ಅದರಲ್ಲಿ ನಿಮ್ಮ ಊರಿನ ಪುಟ ಉಳಿದಿದ್ದರೆ ಆಗ ಎಷ್ಟು ಗಂಟೆ ಇದ್ದವು ಅಂತ ಗೊತ್ತಾಗುತ್ತದೆ. ಲೆಕ್ಕದ ಪುಸ್ತಕಗಳಲ್ಲಿ ಹಗ್ಗಕ್ಕೆ, ಗ್ರೀಸಿಗೆ, ನಾಲಗೆಯ ಚರ್ಮದ ಪಟ್ಟಿಗೆ ಕೊಟ್ಟ ಹಣ ಇರುತ್ತದೆ. ನವೆಂಬರ್ 5ರ ನಮೂದು ಹುಡುಕಿ. ಸಂಸತ್ತನ್ನು ಸ್ಫೋಟಿಸುವ 1605ರ ಸಿಡಿಮದ್ದಿನ ಸಂಚು ಬಯಲಾದ ನೆನಪಿಗೆ ಪ್ರತಿ ವರ್ಷ ಕೃತಜ್ಞತಾ ಪ್ರಾರ್ಥನೆ ನಡೆಸಬೇಕೆಂದು ಕಾನೂನೇ ಇತ್ತು, ಅದು ರದ್ದಾದದ್ದು 1859ರಲ್ಲಿ. ಆ ದಿನ ಬಾರಿಸುವವರಿಗೆ ಸಂಬಳ, ಬಿಯರು ಎರಡೂ ಸಿಗುತ್ತಿದ್ದವು. ಹಳೆಯ ನಕ್ಷೆಗಳಲ್ಲಿ ಗಂಟೆ ಹಗ್ಗದ ಹೊಲ ಅನ್ನುವ ಅರ್ಥದ ಹೆಸರಿದ್ದರೆ ಅದನ್ನೂ ಬಿಡಬೇಡಿ. ಹಗ್ಗದ ಖರ್ಚಿಗೆಂದು ಯಾರೋ ಬರೆದುಕೊಟ್ಟ ಜಮೀನು ಅದು.

ಊರಿಗೆ ಗಂಟೆ ಏನೇನು ಹೇಳುತ್ತಿತ್ತು ಅಂತಲೂ ಬರೆಯಿರಿ. ರಾತ್ರಿ ಎಂಟಕ್ಕೆ ಕರ್ಫ್ಯೂ ಗಂಟೆ. ಸುಗ್ಗಿ ಮುಗಿದ ಹೊಲಕ್ಕೆ ಬಡವರು ಹಕ್ಕಲು ಆಯಲು ಇಳಿಯಬಹುದು ಅಂತ ಹೇಳುವ ಗಂಟೆ. ಯಾರಾದರೂ ತೀರಿಕೊಂಡರೆ ಗಂಡಸಿಗೆ ಮೂರು ಮೂರರಂತೆ ಮೂರು ಸಲ, ಹೆಂಗಸಿಗೆ ಎರಡು ಎರಡರಂತೆ ಮೂರು ಸಲ, ನಂತರ ವಯಸ್ಸಿಗೆ ಒಂದೊಂದು ಬಡಿತ. ಸಂಖ್ಯೆ ಊರಿಂದೂರಿಗೆ ಬದಲಾಗುತ್ತಿತ್ತು, ಕೇಳಿ ಖಚಿತ ಮಾಡಿಕೊಳ್ಳಿ.

ಗೋಡೆಯ ಮೇಲೆ ಸಾಲಾಗಿ ತೆಳ್ಳನೆಯ ಹಗ್ಗಗಳಿರುವ ಮರದ ಚೌಕಟ್ಟು ಕಂಡರೆ ಅದಕ್ಕೊಂದು ಜಗಳದ ಕಥೆ ಇದೆ. 1821ರಲ್ಲಿ ಗ್ಲಾಸ್ಟರ್‌ಶೈರ್‌ನ ಬಿಟನ್ ಹಳ್ಳಿಯ ಪಾದ್ರಿ ಎಲ್ಲಕೋಂಬ್ ಇದನ್ನು ಮಾಡಿದರು. ಬಾರಿಸುವವರ ಕುಡಿತ, ಗಲಾಟೆ ನೋಡಿ ಬೇಸತ್ತು, ಒಬ್ಬನೇ ನಿಂತು ಎಲ್ಲಾ ಗಂಟೆಗಳಿಗೂ ಸುತ್ತಿಗೆಯಿಂದ ಬಡಿಯುವ ಉಪಾಯ ಹೂಡಿದರು. ಅಕ್ಕಪಕ್ಕದ ಎಷ್ಟೋ ಗೋಪುರಗಳು ಅದನ್ನು ತರಿಸಿಕೊಂಡವು. ನಿಮ್ಮಲ್ಲಿ ಅದಿದ್ದರೆ, ಪೂರ್ತಿ ಸುತ್ತಿನ ಬಾರಿಸುವಿಕೆಗೆ ಮೊದಲು ಆ ಹಗ್ಗಗಳನ್ನು ಸಡಿಲ ಬಿಟ್ಟು ಸುತ್ತಿಗೆ ದೂರ ಸರಿದಿದೆಯಾ ಅಂತ ನೋಡಲೇಬೇಕು. ಆ ಶತಮಾನದ ಉತ್ತರಾರ್ಧದಲ್ಲಿ ಚರ್ಚಿನವರು ಬಾರಿಸುವವರನ್ನು ಮತ್ತೆ ಶಿಸ್ತಿಗೆ ತಂದರು, ಕೌಂಟಿಗೊಂದು ಸಂಘ ಹುಟ್ಟಿತು, 1891ರಲ್ಲಿ ಎಲ್ಲಕ್ಕೂ ಸೇರಿ ಸೆಂಟ್ರಲ್ ಕೌನ್ಸಿಲ್ ಬಂತು.

1940ರ ಜೂನ್ ನಂತರ ನಿಮ್ಮ ಗೋಪುರದ ದಾಖಲೆಯಲ್ಲಿ ಖಾಲಿ ಪುಟ ಇರುತ್ತದೆ. ಎರಡನೇ ಮಹಾಯುದ್ಧದ ಹೊತ್ತು, ಶತ್ರು ಇಳಿದರೆ ಮಾತ್ರ ಗಂಟೆ ಮೊಳಗಬೇಕು ಅಂತ ಸರ್ಕಾರ ಉಳಿದೆಲ್ಲ ಬಾರಿಸುವಿಕೆಯನ್ನು ನಿಲ್ಲಿಸಿತ್ತು. 1942ರ ನವೆಂಬರ್ 15ರಂದು ಈಜಿಪ್ಟಿನ ಎಲ್ ಅಲಮೇನ್ ಕದನದ ಗೆಲುವಿಗೆ ಒಂದು ದಿನ ಬಾರಿಸಲು ಬಿಟ್ಟರು. ನಿಷೇಧ ತೆಗೆದದ್ದು 1943ರಲ್ಲಿ.

ಚರ್ಮದ ಟೊಪ್ಪಿಗೆಯಂಥವು ಪೆಟ್ಟಿಗೆಯಲ್ಲಿ ಕಂಡರೆ ಅವು ಮಫಲ್‌ಗಳು. ನಾಲಗೆಯ ಒಂದು ಬದಿಗೆ ಕಟ್ಟಿದರೆ ಹ್ಯಾಂಡ್‌ಸ್ಟ್ರೋಕ್ ಸ್ಪಷ್ಟ, ಬ್ಯಾಕ್‌ಸ್ಟ್ರೋಕ್ ದೂರದ ಪ್ರತಿಧ್ವನಿಯಂತೆ. ನವೆಂಬರಿನ ಯುದ್ಧ ಸ್ಮರಣೆಯ ಭಾನುವಾರಕ್ಕೂ ಅಂತ್ಯಕ್ರಿಯೆಗಳಿಗೂ ಹೀಗೆ ಬಾರಿಸುತ್ತಾರೆ. ಎರಡೂ ಬದಿ ಕಟ್ಟುವುದು ರಾಜ ಅಥವಾ ರಾಣಿ ತೀರಿಕೊಂಡಾಗ. 2022ರ ಸೆಪ್ಟೆಂಬರಿನಲ್ಲಿ ಎರಡನೇ ಎಲಿಜಬೆತ್ ರಾಣಿ ತೀರಿಕೊಂಡಾಗ ಹಾಗೆ ಬಾರಿಸಿದರು, ಟೆನರಿನ ಬ್ಯಾಕ್‌ಸ್ಟ್ರೋಕ್ ಮಾತ್ರ ತೆರೆದಿಟ್ಟು. ಕಟ್ಟುವ ಕೆಲಸ, ಗಂಟೆಗಳ ನಿಗಾ ನೋಡುವ ಸ್ಟೀಪಲ್ ಕೀಪರ್ ಕಡೆಯಿಂದ ಕಲಿಯಿರಿ. ತಪ್ಪು ಬದಿಗೆ ಕಟ್ಟಿದರೆ ಊರಿಗೆಲ್ಲ ಗೊತ್ತಾಗುತ್ತದೆ.

ಸಿಕ್ಕಿದ್ದನ್ನೆಲ್ಲ ಗಂಟೆ ಸಂಖ್ಯೆಯ ಪ್ರಕಾರ ಬರೆದಿಡಿ. ಪ್ರತಿ ಗಂಟೆಗೂ ತೂಕ, ಬರಹ, ಎರೆದವರು, ಇಸವಿ, ಬಾಯಿಯ ಅಗಲ, ಚೌಕಟ್ಟು ಮರದ್ದೋ ಕಬ್ಬಿಣದ್ದೋ ಅನ್ನುವುದು ಇರಲಿ. ಎಲ್ಲಿಂದ ತಿಳಿಯಿತು ಅಂತ ಪಕ್ಕದಲ್ಲೇ ಬರೆಯಿರಿ. ಒಂದು ಪ್ರತಿ ಬಾರಿಸುವ ಕೋಣೆಯಲ್ಲಿ, ಒಂದು ಪ್ರತಿ ಕೌಂಟಿ ದಾಖಲೆ ಕಚೇರಿಯಲ್ಲಿ. ಡವ್ಸ್ ಗೈಡ್‌ನಲ್ಲಿರುವುದಕ್ಕೂ ನೀವು ಕಂಡದ್ದಕ್ಕೂ ತಾಳೆಯಾಗದಿದ್ದರೆ ಚಿತ್ರದ ಸಮೇತ ಅವರಿಗೆ ಬರೆದು ತಿಳಿಸಿ, ತಿದ್ದಿಕೊಳ್ಳುತ್ತಾರೆ.